ಒಂಚೂರೂ ಸುಧಾರಿಸದವಳು

ಬ್ಯಾಸ್ಕೆಟ್‌ಬಾಲ್ ಲೀಗ್ ಕಚೇರಿಯಿಂದ ಫೋನ್ ಬಂದಾಗ, ಎಲ್ಲರೂ ಗೂಟ ಎಂದು ಕರೆಯುವ ಆಟಗಾರ್ತಿ ಎರಡೂ ಮಂಡಿಗೆ ಮಂಜುಗಡ್ಡೆಯ ಚೀಲ ಕಟ್ಟಿಕೊಂಡು ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಆರಡಿ ಎರಡಂಗುಲದ ಹೆಂಗಸು ಆ ಅಡುಗೆಮನೆಯಲ್ಲಿ ಕಾಲು ಚಾಚಿದಳೆಂದರೆ ಉಳಿದವರು ಒಲೆಯ ಹತ್ತಿರ ಹೋಗಲು ಅವಳನ್ನು ದಾಟಿಯೇ ಹೋಗಬೇಕು. ಅವಳ ಅತ್ತೆ ಹಾಗೆ ದಾಟುತ್ತಿದ್ದರು.

"ಅಭಿನಂದನೆ ಮೇಡಂ," ಎಂದಿತು ಫೋನಿನಲ್ಲಿ ಒಂದು ಎಳೆಯ ದನಿ. "ಈ ವರ್ಷ 'ಅತ್ಯಂತ ಸುಧಾರಿಸಿದ ಆಟಗಾರ್ತಿ' ಪ್ರಶಸ್ತಿ ನಿಮಗೇ. ಶನಿವಾರ ಮಧ್ಯಾಹ್ನ ಸಮಾರಂಭ."

"ಯಾವುದರಲ್ಲಿ ಸುಧಾರಿಸ್ದೆ?"

ಆ ಕಡೆಯವಳು ತಮಾಷೆಯೆಂದು ನಕ್ಕು, ಎಷ್ಟು ಗಂಟೆಗೆ ಬರಬೇಕೆಂದು ಹೇಳಿ, ಫೋನ್ ಇಟ್ಟಳು.

ಗೂಟ ಅನ್ನುವುದು ಶಾಲೆಯಲ್ಲಿ ಬಿದ್ದ ಹೆಸರು. ಬ್ಯಾಸ್ಕೆಟ್ಟಿನ ಕೆಳಗೆ ಒಮ್ಮೆ ಕಾಲೂರಿದಳೆಂದರೆ ಎದುರಾಳಿಗಳು ಹೆಗಲು ಕೊಟ್ಟು ನೂಕಿದರೂ ಅಲುಗುತ್ತಿರಲಿಲ್ಲ. ವೃತ್ತಿಪರ ಲೀಗಿಗೆ ಬಂದ ಮೇಲೆ ಆ ಹೆಸರಿಗೆ ಬೇರೆಯೇ ಅರ್ಥ ಬಂತು. ಎಂಟು ವರ್ಷ ಅವಳು ಬೆಂಚಿನ ಮೇಲೆ ಗೂಟ ಹೊಡೆದುಕೊಂಡು ಕೂತಿದ್ದಳು. ನಾಯಕಿ ಬೆವರೊರೆಸಿಕೊಳ್ಳಲು ಹೊರಗೆ ಬಂದಾಗ ಇವಳು ಒಳಗೆ. ಪಂದ್ಯಕ್ಕೆ ಎಂಟು ನಿಮಿಷ, ಹೆಚ್ಚೆಂದರೆ ಒಂಬತ್ತು. ಪ್ರತಿ ವರ್ಷದ ಮೊದಲ ದಿನ ಕೋಚ್ ಹತ್ತಿರ ಹೋಗಿ, "ಸರ್, ನನಗೆ ಅರ್ಧ ಪಂದ್ಯ ಕೊಟ್ಟು ನೋಡಿ," ಅನ್ನುತ್ತಿದ್ದಳು. ಕೋಚ್ "ನೋಡೋಣ" ಅನ್ನುತ್ತಿದ್ದ. ಈ ವರ್ಷ ಮೂರನೆಯ ಪಂದ್ಯದಲ್ಲಿ ನಾಯಕಿಯ ಮಂಡಿ ತಿರುಚಿತು. ಬೇರೆ ಗತಿಯಿಲ್ಲದೆ ಕೋಚ್ ಇವಳನ್ನು ಇಳಿಸಿದ. ಪಂದ್ಯಕ್ಕೆ ಮೂವತ್ತೆರಡು ನಿಮಿಷ, ಹದಿನೆಂಟು ಅಂಕ. ಮೂವತ್ತೊಂದರ ವಯಸ್ಸಿನಲ್ಲಿ ಪ್ರತಿಭೆ ಅರಳಿತು ಎಂದು ಪತ್ರಿಕೆಗಳು ಬರೆದವು, ಅವಳು ನಿನ್ನೆಯವರೆಗೂ ಮೊಗ್ಗಾಗಿದ್ದಳು ಅನ್ನುವ ಹಾಗೆ.

"ಪ್ರಶಸ್ತಿ ಬಂದ್ರೆ ಮುಖ ಯಾಕೆ ಹರಳೆಣ್ಣೆ ಕುಡ್ದ ಹಾಗಿದೆ?" ಎಂದರು ಅತ್ತೆ.

"ಮೊದಲು ನಾನು ಕೆಟ್ಟದಾಗಿ ಆಡ್ತಿದ್ದೆ ಅಂತ ಹೇಳ್ತಿದಾರೆ ಅತ್ತೆ."

"ಆಡ್ತಿದ್ಯಾ?"

"ಇಲ್ಲ."

"ಹಾಗಾದ್ರೆ ಅದನ್ನ ತೋರ್ಸು. ಬರೀ ಬಾಯಲ್ಲಿ ಹೇಳಿದ್ರೆ ಕೊಬ್ಬು ಅಂತಾರೆ." ಅತ್ತೆ ಗಿರಣಿಯಲ್ಲಿ ಮೂವತ್ತು ವರ್ಷ ಬಟ್ಟೆಯ ತಪಾಸಣೆ ಮಾಡಿ ನಿವೃತ್ತರಾದವರು. "ಯಾವ ತಪ್ಪಿಗೆ ಅಂತ ಚೀಟಿ ಬರೀದೆ ನಾನು ಒಂದು ಗಜಾನೂ ವಾಪಸ್ ಕಳಿಸ್ಲಿಲ್ಲ. ಚೆನ್ನಾಗಿದೆ ಅಂತ ಪಾಸ್ ಮಾಡೋಕೂ ಚೀಟಿ ಬೇಕಿತ್ತು."

ಮರುದಿನ ಬೆಳಿಗ್ಗೆ ಗೂಟ ಅಂಕದ ಮೇಷ್ಟ್ರನ್ನು ಹುಡುಕಿಕೊಂಡು ಹೋದಳು. ಅವರು ಗಣಿತ ಕಲಿಸಿ ನಿವೃತ್ತರಾದವರು. ತವರಿನ ಪಂದ್ಯಗಳಿಗೆಲ್ಲ ಅಂಗಣದ ಪಕ್ಕದ ಮೇಜಿನಲ್ಲಿ ಕೂತು, ಯಾರು ಎಷ್ಟು ನಿಮಿಷ ಆಡಿದರು, ಎಷ್ಟು ಹಾಕಿದರು, ಎಷ್ಟು ತಪ್ಪಿಸಿದರು, ತಪ್ಪಿ ಪುಟಿದ ಚೆಂಡನ್ನು ಎಷ್ಟು ಸಲ ಹಿಡಿದರು ಎಂದು ಕೈಯಲ್ಲೇ ಬರೆಯುತ್ತಿದ್ದರು. ಕ್ರೀಡಾಂಗಣದ ಮೆಟ್ಟಿಲ ಕೆಳಗೆ ಅವರ ಕೋಣೆ. ಗೂಟ ಬಾಗಿಲಲ್ಲಿ ಸೊಂಟ ಬಗ್ಗಿಸಿ, ಒಳಗೆ ಹೋದ ಮೇಲೂ ಬಗ್ಗಿಸಿಕೊಂಡೇ ನಿಂತಳು. ಮೇಷ್ಟ್ರು ಒಂಬತ್ತು ವರ್ಷದ ಪುಸ್ತಕಗಳನ್ನು ತೆಗೆದು, ಕನ್ನಡಕ ಹಣೆಗೇರಿಸಿ, ಪೆನ್ಸಿಲ್ಲಿನಲ್ಲಿ ಭಾಗಾಕಾರ ಮಾಡುತ್ತಾ ಹೋದರು. ಎರಡು ತಾಸು ಹಿಡಿಯಿತು.

"ಹೋದ ವರ್ಷ ಎಂಟು ನಿಮಿಷಕ್ಕೆ ನಾಲ್ಕೂವರೆ ಅಂಕ," ಎಂದರು ಕೊನೆಗೆ. "ಅದರ ಹಿಂದಿನ ವರ್ಷಾನೂ ಅಷ್ಟೇ, ಹಿಂದಿಂದೂ ಹೆಚ್ಚುಕಮ್ಮಿ ಅಷ್ಟೇ. ಈ ವರ್ಷ ಮೂವತ್ತೆರಡಕ್ಕೆ ಹದಿನೆಂಟು. ಅಂದ್ರೆ ಎಂಟಕ್ಕೆ ನಾಲ್ಕೂವರೆ. ಪುಟಿದ ಚೆಂಡು ಹಿಡಿದಿದ್ದೂ ಹಾಗೇ." ಅವರು ಪೆನ್ಸಿಲ್ ಕೆಳಗಿಟ್ಟರು. ಮುಖದಲ್ಲಿ ಹೆಮ್ಮೆ. "ನೀನು ಒಂಚೂರೂ ಸುಧಾರಿಸಿಲ್ಲ ಕಣಮ್ಮ."

ಎಂಟು ವರ್ಷದಲ್ಲಿ ಯಾರೂ ಅವಳಿಗೆ ಇಷ್ಟು ಒಳ್ಳೆಯ ಮಾತು ಆಡಿರಲಿಲ್ಲ.

ಅವಳು ಆ ಹಾಳೆಯನ್ನು ಹಿಡಿದು ಕೋಚ್ ಹತ್ತಿರ ಹೋದಳು. ಅಭ್ಯಾಸ ಮುಗಿದು ಆತ ಚೆಂಡುಗಳನ್ನು ಬಲೆಚೀಲಕ್ಕೆ ತುಂಬುತ್ತಿದ್ದ. ಹಾಳೆ ನೋಡಿ, "ಎಂಟು ನಿಮಿಷ ಓಡೋದು ಬೇರೆ, ಮೂವತ್ತೆರಡು ನಿಮಿಷ ಅದೇ ದಮ್ಮು ಉಳಿಸ್ಕೊಳ್ಳೋದು ಬೇರೆ," ಎಂದ. "ಅದೇ ಸುಧಾರಣೆ."

ಮಾತಿನಲ್ಲಿ ಹುರುಳಿತ್ತು. ಗೂಟ ಹಾಳೆಯನ್ನು ಮಡಚಿಕೊಂಡಳು. ಆಮೇಲೆ ಕೇಳಿದಳು: "ಆ ದಮ್ಮು ನನಗೆ ಹೋದ ವರ್ಷ ಇರ್ಲಿಲ್ಲ ಅಂತ ನಿಮಗೆ ಹೇಗೆ ಗೊತ್ತು?"

ಕೋಚ್ ಚೀಲದ ಬಾಯಿ ಬಿಗಿದ. "ಎಲ್ಲರೂ ಖುಷಿಯಾಗಿದಾರೆ. ಸುಮ್ನೆ ತಗೊಂಡು ಬಾ. ಕೊಟ್ಟ ಕುದುರೆ ಏರದೆ ಇರೋಳು ವೀರಳೂ ಅಲ್ಲ, ಶೂರಳೂ ಅಲ್ಲ ಅಂತಾರೆ."

"ಎಂಟು ವರ್ಷ ಕುದುರೆ ಕಟ್ಟಿಹಾಕಿದ್ದು ನೀವು ಸರ್," ಎಂದು ಅವಳು ಹೊರಟಳು.

ಲೀಗ್ ಕಚೇರಿ ನಾಲ್ಕನೆಯ ಮಹಡಿಯಲ್ಲಿತ್ತು. ಕಾರ್ಯದರ್ಶಿ ಸೌಮ್ಯ ಮನುಷ್ಯ. ಅವಳನ್ನು ಕೂರಿಸಿ, ಕಾಫಿ ತರಿಸಿದ.

"ಈ ಪ್ರಶಸ್ತಿ ಯಾರಿಗೆ ಕೊಡ್ಬೇಕು ಅಂತ ಬರೆದಿರೋದನ್ನ ನಾನು ಓದ್ಬೇಕು."

ಕಾರ್ಯದರ್ಶಿ ಕಡತ ತೆಗೆದು ಒಂದು ಹಾಳೆಯನ್ನು ಅವಳ ಕಡೆ ತಿರುಗಿಸಿದ. ಅದರಲ್ಲಿ ಇದ್ದದ್ದು ಒಂದೇ ಸಾಲು: ವರ್ಷದಲ್ಲಿ ಅತಿ ಹೆಚ್ಚು ಸುಧಾರಣೆ ತೋರಿದ ಆಟಗಾರ್ತಿಗೆ.

"ಯಾವುದರ ಮೇಲೆ ಅಳೀತೀರಿ?"

"ನಲವತ್ತೊಂದು ಜನ ವರದಿಗಾರರು ಮತ ಹಾಕ್ತಾರೆ. ಅವರಿಗೆಲ್ಲ ಗೊತ್ತಿರತ್ತೆ."

"ಹೋದ ವರ್ಷ ಎರಡನೇ ವರ್ಷದ ಹುಡುಗಿಗೆ ಕೊಟ್ರಿ. ಅವಳು ಕಲೀಲೇಬೇಕಿತ್ತು, ಕಲಿತಳು. ಅದರ ಹಿಂದಿನ ವರ್ಷ ಹೆರಿಗೆ ಮುಗಿಸಿ ವಾಪಸ್ ಬಂದವಳಿಗೆ ಕೊಟ್ರಿ. ಅವಳು ಮೊದಲೂ ಚೆನ್ನಾಗೇ ಆಡ್ತಿದ್ಲು. ಅವಳು ಸುಧಾರಿಸಿದ್ದಲ್ಲ, ಸುಧಾರಿಸ್ಕೊಂಡಿದ್ದು. ನನಗೆ ಯಾಕೆ?"

ಕಾರ್ಯದರ್ಶಿಗೆ ನಗು ಬಂತು, ತಡೆದುಕೊಂಡ. "ನಿಮ್ಮ ಮಾತಲ್ಲಿ ಸತ್ಯ ಇದೆ. ಆದ್ರೆ ಈಗ ಪ್ರಶಸ್ತಿ ನಿರಾಕರಿಸೋಕೆ ನಿಯಮದಲ್ಲಿ ಅವಕಾಶ ಇಲ್ಲ."

"ಕೊಡೋಕೇ ನಿಯಮ ಇಲ್ಲ. ಬೇಡ ಅನ್ನೋಕೆ ಮಾತ್ರ ನಿಯಮ ಬೇಕಾ?"

ಶನಿವಾರ ಅವಳು ಸಮಾರಂಭಕ್ಕೆ ಹೋದಳು. ಅತ್ತೆಯೂ ಬಂದರು, ಮುಂದಿನ ಸಾಲಿನಲ್ಲಿ ಕೂರಬೇಡಿ ಎಂದವನಿಗೆ, "ನನಗೆ ದೂರದ್ದು ಕಾಣಲ್ಲಪ್ಪ," ಎಂದು ಹೇಳಿ ಅಲ್ಲೇ ಕೂತರು. ದೊಡ್ಡ ಪರದೆಯ ಮೇಲೆ ಗೂಟಳ ಆಟದ ತುಣುಕುಗಳು ಓಡಿದವು. ಎಲ್ಲವೂ ಈ ವರ್ಷದವು. ಹಳೆಯ ವರ್ಷಗಳ ಒಂದು ತುಣುಕೂ ಇರಲಿಲ್ಲ, ಯಾರೂ ತೆಗೆದಿಟ್ಟಿರಲಿಲ್ಲ.

ಹೆಸರು ಕರೆದರು. ಅವಳು ಮೆಟ್ಟಿಲೇರಿ, ಪ್ರಶಸ್ತಿಯನ್ನು ಕೈಗೆ ತೆಗೆದುಕೊಂಡಳು. ಗಾಜಿನದು, ಅಂದುಕೊಂಡದ್ದಕ್ಕಿಂತ ಭಾರ. ಅದನ್ನು ಎದೆಗೊತ್ತಿ ಹಿಡಿದು ಮೈಕಿನ ಮುಂದೆ ನಿಂತಳು.

"ನನ್ನ ಹತ್ತಿರ ಒಂದೇ ಪ್ರಶ್ನೆ ಇದೆ," ಎಂದಳು. "ಮತ ಹಾಕಿದವರು ಇಲ್ಲೇ ಇದೀರಿ. ನಾನು ಯಾವುದರಲ್ಲಿ ಸುಧಾರಿಸ್ದೆ ಅಂತ ಯಾರಾದ್ರೂ ಒಬ್ರು ಎದ್ದು ಹೇಳಿ. ಹೇಳಿದ್ರೆ ತಲೆ ಬಗ್ಗಿಸಿ ತಗೊಂಡು ಹೋಗ್ತೀನಿ. ಒಂಬತ್ತು ವರ್ಷದ ಲೆಕ್ಕ ಜೇಬಲ್ಲಿದೆ, ಬೇಕಾದ್ರೆ ತಾಳೆ ನೋಡೋಣ."

ಸಭೆಯಲ್ಲಿ ಕುರ್ಚಿಗಳು ಕಿರುಗುಟ್ಟಿದವು. ಕೋಚ್ ನೆಲ ನೋಡುತ್ತಿದ್ದ. ನಿರೂಪಕಿ ಮೈಕಿಗೆ ಕೈಚಾಚಿದಳು. ಗೂಟ ಬೆನ್ನು ಕೊಟ್ಟು, ಬ್ಯಾಸ್ಕೆಟ್ಟಿನ ಕೆಳಗೆ ನಿಲ್ಲುವ ಹಾಗೆ ನಿಂತಳು. ನಿರೂಪಕಿಗೆ ದಾರಿ ಸಿಗಲಿಲ್ಲ.

ಕೊನೆಗೆ ಐದನೆಯ ಸಾಲಿನಲ್ಲಿ ಒಬ್ಬ ಹಿರಿಯ ವರದಿಗಾರ ಎದ್ದ. ಇಪ್ಪತ್ತು ವರ್ಷದಿಂದ ಲೀಗಿನ ಬಗ್ಗೆ ಬರೆಯುತ್ತಿದ್ದವನು. ಪಕ್ಕದವನು ಅಂಗಿ ಹಿಡಿದೆಳೆದರೂ ಕೂರಲಿಲ್ಲ.

"ನಿಜ ಹೇಳ್ತೀನಮ್ಮ," ಎಂದ. "ನಿನ್ನ ಆಟಾನ ನಾನು ಸರಿಯಾಗಿ ನೋಡಿದ್ದೇ ಈ ವರ್ಷ. ಮೊದಲು ನೀನು ಒಳಗೆ ಬಂದಾಗ ನಾನು ಸಿಗರೇಟಿಗೆ ಹೊರಗೆ ಹೋಗ್ತಿದ್ದೆ."

ಯಾರೋ ನಕ್ಕರು, ತಟ್ಟನೆ ನಿಲ್ಲಿಸಿದರು. ಗೂಟ ವೇದಿಕೆಯಿಂದ ಇಳಿದು, ಐದನೆಯ ಸಾಲಿಗೆ ನಡೆದು, ಗಾಜಿನ ಪ್ರಶಸ್ತಿಯನ್ನು ಅವನ ಕೈಗಿಟ್ಟಳು.

"ಹಾಗಾದ್ರೆ ಸುಧಾರಿಸಿದ್ದು ನೀವು. ಇದು ನಿಮಗೆ ಸೇರಬೇಕಾದ್ದು."

ಮುಂದಿನ ಸಾಲಿನಿಂದ ಅತ್ತೆ ಕೈಚೀಲ ತೆಗೆದುಕೊಂಡು ಎದ್ದರು. ಅತ್ತೆ ಸೊಸೆ ಇಬ್ಬರೂ ನಡುದಾರಿಯಲ್ಲಿ ನಡೆದು ಹೊರಗೆ ಬಂದರು. ಬಿಸಿಲು ಚೆನ್ನಾಗಿತ್ತು. ಬಸ್ಸಿಗೆ ಕಾಯುವಾಗ ಅತ್ತೆ, "ಆ ಮನುಷ್ಯಂದೂ ಗುಂಡಿಗೆ ಗಟ್ಟೀನೇ," ಎಂದರು. ಗೂಟ ಹೂಂಗುಟ್ಟಿದಳು.

ಅದರ ಬೆಲೆಯನ್ನು ಅವಳು ತೆರಲೇಬೇಕಾಯಿತು. ತಂಡದ ಹೆಸರಿಗೆ ಮಸಿ ಬಳಿದಳೆಂದು ಕ್ಲಬ್ಬಿನವರು ಒಪ್ಪಂದ ಮುಂದುವರಿಸಲಿಲ್ಲ. ನಾಯಕಿಯ ಮಂಡಿಯೂ ವಾಸಿಯಾಗಿತ್ತು. ಎರಡು ತಿಂಗಳು ಯಾವ ತಂಡವೂ ಕರೆಯಲಿಲ್ಲ; ಗೂಟ ಬೆಳಿಗ್ಗೆ ಶಾಲೆಯೊಂದರ ಅಂಗಣದಲ್ಲಿ ಒಬ್ಬಳೇ ಚೆಂಡು ಹಾಕುತ್ತಿದ್ದಳು. ಪಶ್ಚಾತ್ತಾಪ ಆಗಿದೆಯಾ ಎಂದು ಕೇಳಿದವರಿಗೆ, ಆಗಿದೆ, ಎಂಟು ವರ್ಷ ಮೊದಲೇ ಕೇಳಬೇಕಿತ್ತು, ಅನ್ನುತ್ತಿದ್ದಳು. ಆಮೇಲೆ ಲೀಗಿನ ಅಂಕಪಟ್ಟಿಯ ಕಟ್ಟಕಡೆಯ ತಂಡದ ಕೋಚ್, ಒಬ್ಬ ಮಾಜಿ ಆಟಗಾರ್ತಿ, ಫೋನ್ ಮಾಡಿದಳು. "ನಮ್ಮಲ್ಲಿ ಗೆಲುವು ಕಮ್ಮಿ. ನಿಮಿಷ ಎಷ್ಟು ಬೇಕಾದ್ರೂ ಇದೆ," ಎಂದಳು. ಗೂಟ ಮರುದಿನವೇ ಚೀಲ ಹೊತ್ತು ಹೋದಳು.

ಆ ವರ್ಷದ ಕೊನೆಗೆ ಲೀಗ್ ಎಲ್ಲ ಪ್ರಶಸ್ತಿಗಳಿಗೂ ಮಾನದಂಡ ಬರೆದು ಹೊರಡಿಸಿತು, ಒಂದೂವರೆ ಪುಟ. ಮತದಾರರು ತಮ್ಮ ಕಾರಣವನ್ನು ಬರೆದು, ಹೆಸರು ಹಾಕಬೇಕೆಂದೂ ಅದರಲ್ಲಿತ್ತು. ಹೊಸ ತಂಡದ ಹುಡುಗಿಯರು ಉಡುಪು ಬದಲಿಸುವ ಕೋಣೆಯಲ್ಲಿ ಚಪ್ಪಾಳೆ ತಟ್ಟಿದರು. ಗೂಟ ಹಾಳೆಯನ್ನು ಎರಡು ಸಲ ಓದಿ, ಕೆಂಪು ಪೆನ್ನು ಕೇಳಿದಳು. 'ಗಮನಾರ್ಹ' ಅನ್ನುವ ಪದ ಮೂರು ಕಡೆ ಬಂದಿತ್ತು. ಮೂರಕ್ಕೂ ಸುತ್ತು ಹಾಕಿ, ಪಕ್ಕದಲ್ಲಿ 'ಯಾರ ಗಮನ?' ಎಂದು ಬರೆದು, ಹನ್ನೊಂದು ಜನರ ಸಹಿ ಹಾಕಿಸಿ ಕಾರ್ಯದರ್ಶಿಗೆ ಕಳಿಸಿದಳು.

ಉತ್ತರ ಇನ್ನೂ ಬಂದಿಲ್ಲ. ಅವಳು ಪ್ರತಿ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಫೋನ್ ಮಾಡುತ್ತಾಳೆ.