ಅರ್ಥ ಕೇಳಿ ಎರಕ ಹೊಯ್ದವನು

ಮೂಸೆಯಲ್ಲಿ ಅಲ್ಯೂಮಿನಿಯಂ ಕರಗಿ ಹೊಳೆಯುತ್ತಿತ್ತು. ಮುಂದೆ, ಅಪ್ಪನ ಶವಪೆಟ್ಟಿಗೆಗೆ ಹಾಕಬೇಕಾದ ಹೆಸರಿನ ಮರಳಚ್ಚು ಸಿದ್ಧವಾಗಿತ್ತು. ಸೊರಾಯ್ದಾ ಮಾತ್ರ ಹೊಯ್ಯದೆ ನಿಂತಿದ್ದಳು.

"ಹೊಯ್ಯಮ್ಮಾ, ಎರಡು ಗಂಟೆಗೆ ನಿಮ್ಮಪ್ಪನ್ನ ಎತ್ತುತ್ತಾರೆ" ಎಂದ ಟ್ಯಾಕ್ಸಿಯ ರೆಂಬೆರ್ತೊ. ಅವಳನ್ನು ಕರೆದೊಯ್ಯಲು ಬಂದಿದ್ದ.

"ಅಪ್ಪನ ಹೆಸರು, ಅರ್ಹೇಲಿಯೊ ಅಂದ್ರೆ ಏನು ಅಂತ ಗೊತ್ತಿಲ್ಲ, ಮಾಮಾ. ಅರ್ಥ ಗೊತ್ತಿಲ್ದೆ ಹೊಯ್ದ್ರೆ ಅಪ್ಪ ಎದ್ದು ಬಂದು ಬೈತಾನೆ."

"ಬೈದ್ರೆ ಬೈಲಿ ಬಿಡು. ಎದ್ದಾದ್ರೂ ಬರ್ತಾನಲ್ಲ."

ಅರ್ಹೇಲಿಯೊ ನಲವತ್ತು ವರ್ಷ ಒಡಕು ಬಾಣಲೆಗಳನ್ನು ಕರಗಿಸಿ, ಹವಾನಾದ ಹಳೇ ಕಾರುಗಳಿಂದ ಉದುರಿಹೋದ ಹೆಸರುಗಳನ್ನು ಮತ್ತೆ ಎರಕ ಹೊಯ್ದಿದ್ದ. ಸ್ವಂತಕ್ಕೊಂದು ಸೈಕಲ್ಲೂ ಇರಲಿಲ್ಲ. ಆದರೆ ಅರ್ಥ ತಿಳಿಯದ ಹೆಸರನ್ನು ಮುಟ್ಟುವುದಿಲ್ಲ ಎಂಬ ಹಟವೊಂದಿತ್ತು. ಇಂಪಾಲಾ ಎಂದರೆ ಆಫ್ರಿಕಾದ ಜಿಂಕೆ, ಫೇರ್‌ಲೇನ್ ಎಂದರೆ ಕಾರು ಕಂಪನಿಯ ಯಜಮಾನನ ಬಂಗಲೆ, ಬೆಲ್ ಏರ್ ಎಂದರೆ ದುಡ್ಡಿದ್ದವರ ಬಡಾವಣೆ. ಇದನ್ನೆಲ್ಲ ಮೇಷ್ಟರು, ನಾವಿಕರು, ಪ್ರವಾಸಿಗರು ಎನ್ನದೆ ಕಂಡಕಂಡವರನ್ನು ಕಾಡಿ ತಿಳಿದುಕೊಂಡಿದ್ದ.

*

ರೆಂಬೆರ್ತೊನ ಬಿಸ್ಕೇನ್ ಕಾರು ಹಿಂದೊಮ್ಮೆ ಮೂರು ತಿಂಗಳು ಹೆಸರಿಲ್ಲದೆ ಬೋಳಾಗಿಯೇ ಓಡಿತ್ತು.

"ಅರ್ಥ ಕಟ್ಕೊಂಡು ನಂಗೇನಯ್ಯಾ? ಹೆಸರು ಹಾಕ್ಕೊಡು" ಎಂದು ಅವನು ದಿನವೂ ಬಂದು ಗೊಣಗುತ್ತಿದ್ದ. ಕೊನೆಗೊಬ್ಬ ಹಳೆಯ ಹಡಗಿನವನು ನಕ್ಷೆ ಬಿಡಿಸಿ ಬೆರಳಿಟ್ಟ. ಬಿಸ್ಕೇನ್ ಎಂಬುದು ಸಮುದ್ರದಾಚೆ, ಮಯಾಮಿಯ ಮಗ್ಗುಲಿನ ಕೊಲ್ಲಿ. ರೆಂಬೆರ್ತೊನ ತಮ್ಮ ದೋಣಿ ಹತ್ತಿ ಹೋದದ್ದು ಅಲ್ಲಿಗೇ. ಹನ್ನೆರಡು ವರ್ಷದಿಂದ ಒಂದು ಕಾಗದವಿಲ್ಲ.

ರೆಂಬೆರ್ತೊ ಕಾರಿನ ಬೋಳು ಬದಿಯನ್ನು ಅಂಗೈಯಿಂದ ಒರೆಸಿದ. ಆಮೇಲೆ, "ಸ್ವಲ್ಪ ದೊಡ್ಡದಾಗೇ ಮಾಡು" ಎಂದ. ಅರ್ಹೇಲಿಯೊ ಬೇರೇನೂ ಕೇಳದೆ ಹೊಸ ಅಚ್ಚು ಕೊರೆಯಲು ಕೂತ. ಅಪ್ಪನ ಹಟದ ಮೇಲೆ ಸೊರಾಯ್ದಾಳಿಗಿದ್ದ ಸಿಟ್ಟು ಅಂದೇ ಇಳಿದುಹೋಯಿತು.

*

"ಇನ್ನೂ ಇಲ್ಲೇ ಇದೀಯೇನೇ?" ಎನ್ನುತ್ತ ಅತ್ತೆ ನಿಕೊಲಾಸಾ ಒಳಬಂದಳು. ಅರ್ಹೇಲಿಯೊನ ಅಕ್ಕ, ಎಂಬತ್ತು ದಾಟಿದವಳು. ಸಂಗತಿ ಕೇಳಿ ಹಣೆ ಚಚ್ಚಿಕೊಂಡಳು.

"ಊರವರ ಗಾಡಿ ಹೆಸರೆಲ್ಲ ಕೇಳ್ಕೊಂಡು ತಿರುಗ್ದ, ತಂದೊಂದು ಕೇಳ್ಲಿಲ್ಲ ನೋಡು. ಅಮ್ಮಂಗೆ ನೋವು ಬಂದಾಗ ಆಸ್ಪತ್ರೆಗೆ ಹೊತ್ಕೊಂಡು ಹೋಗಿದ್ದು ಹಾಲಿನ ಲಾರಿ. ನಂಗಾಗ ಆರು ವರ್ಷ, ಅಕ್ಷರ ಕಲ್ತ ಹೊಸತು. ಲಾರಿ ಹಿಂದ್ಗಡೆ ಹಲಗೆ ಮೇಲೆ ಬರೆದಿದ್ದನ್ನ ಕೂಡಿಸಿ ಕೂಡಿಸಿ ಓದ್ದೆ. ಅಮ್ಮ, ಅದೇ ಹೆಸರಿರ್ಲಿ ಅಂದ್ಲು."

"ಡ್ರೈವರ್ ಹೆಸರಾ?"

"ಅಲ್ಲ ಕಣೇ, ಲಾರಿದು."

ರೆಂಬೆರ್ತೊ ನಕ್ಕ. ನಗುತ್ತಲೇ ಕಣ್ಣೊರೆಸಿಕೊಂಡ. ಅರ್ಹೇಲಿಯೊ ಎಂದರೆ ಒಂದು ಹಾಲಿನ ಲಾರಿ! ಸೊರಾಯ್ದಾಳಿಗೂ ನಗು ಬಂತು. ಬೆಳಗಿನಿಂದ ಎದೆಯಲ್ಲಿದ್ದ ಭಾರ ಕರಗಿ ಹಾಯೆನಿಸಿತು. ಮೂಸೆಯನ್ನು ಎತ್ತಿ ಹೊಯ್ದಳು.

ಶವಪೆಟ್ಟಿಗೆಯ ತಲೆಯ ಕಡೆ ಹೆಸರು ಹಾಕುವುದು ಪದ್ಧತಿ ಎಂದರು ಹೊರುವವರು. ಅವಳು ಕೇಳಲಿಲ್ಲ.

"ಲಾರಿ ಹೆಸರು ಹಿಂದ್ಗಡೆ ಇರ್ಬೇಕು" ಎಂದು ಕಾಲಿನ ಕಡೆಗೇ ತಿರುಪು ಬಿಗಿದಳು.

ಶವದ ವಾಹನ ಸ್ಮಶಾನದತ್ತ ನಡಿಗೆಯ ವೇಗದಲ್ಲಿ ಹೊರಟಿತು. ಹಿಂದಿನ ಗಾಜಿನೊಳಗೆ ಹೊಸ ಅಕ್ಷರಗಳು ಬಿಸಿಲಿಗೆ ಥಳಥಳಿಸಿದವು. ಅದರ ಬೆನ್ನಿಗೆ ಜಿಂಕೆಗಳು, ಬಂಗಲೆಗಳು, ಬಡಾವಣೆಗಳು, ಒಂದು ಕೊಲ್ಲಿ: ಒಟ್ಟು ಹದಿನೇಳು ಟ್ಯಾಕ್ಸಿಗಳು. ಪಕ್ಕದಲ್ಲಿ ದಾರಿ ಖಾಲಿಯಿತ್ತು. ಒಬ್ಬ ಚಾಲಕನೂ ಹಾರ್ನ್ ಮಾಡಲಿಲ್ಲ, ಮುಂದೆ ನುಗ್ಗಲಿಲ್ಲ.