ಬಚ್ಚಲಿನ ಬಾಗಿಲಲ್ಲಿ

“ಏ ಮುಂಡೇದೇ, ಕೋಲು ಬಿಸಾಕು! ಕೈ ಹಾಕಿ ತೆಗಿ ಅಂದ್ರೆ ಕಿವಿ ಕೇಳಲ್ವಾ?”

ವಾರ್ಡನ್ ಮೂಗಿಗೆ ಸೆರಗು ಒತ್ತಿಕೊಂಡು ಬಚ್ಚಲುಮನೆಯ ಹೊಸ್ತಿಲಾಚೆ ನಿಂತಿದ್ದಳು. ಒಳಗೆ ಕಪ್ಪು ನೀರು ಪಾದ ಮುಳುಗುವಷ್ಟು ಏರಿತ್ತು. ಹಾಸ್ಟೆಲ್ ಗುಡಿಸಿ ತೊಳೆಯುವವಳು, ಹುಡುಗಿಯರ ಬಾಯಲ್ಲಿ ಬರೀ ‘ಪೊರಕೆ’, ಆ ನೀರಿನಲ್ಲೇ ಮಂಡಿಯೂರಿ ಮೋರಿಯ ತೂತಿಗೆ ಕೈ ಇಳಿಸಿದಳು. ಕೂದಲಿನ ಸಿಕ್ಕು, ಬಟ್ಟೆ ಚೂರು, ಯಾರೋ ಎಸೆದ ಪ್ಯಾಡು ಬೆರಳಿಗೆ ತಗುಲಿದವು. ಮುಖ ಪಕ್ಕಕ್ಕೆ ತಿರುಗಿಸಿ ಕೈಯನ್ನು ಇನ್ನೂ ಆಳಕ್ಕೆ ತೂರಿಸಿದಳು.

ಹೊರಗೆ ಟವೆಲ್ಲು ಹೆಗಲಿಗೇರಿಸಿದ ಹುಡುಗಿಯರ ಸಾಲು. ಆವತ್ತು ಪರೀಕ್ಷೆ.

“ಇವಳ ಮಗಳೂ ಇಲ್ಲೇ ಓದ್ತಾಳಲ್ಲ, ಎಲ್ಲಿ ಆ ಮಹಾರಾಣಿ? ಕರೀರಿ. ತಾಯಿ ಮಗಳು ಸೇರಿದ್ರೆ ಕೆಲಸ ಚಕಚಕ ಆಗುತ್ತೆ.”

ತಾಯಿ ತಲೆಯೆತ್ತಿದಳು. “ಬೇಡ ಮೇಡಮ್ಮೋರೇ. ಅವಳಿಗೂ ಪರೀಕ್ಷೆ. ನಾನೇ ತೆಗೀತೀನಿ, ನಿಮ್ಮ ದಮ್ಮಯ್ಯ.”

ಅಷ್ಟರಲ್ಲಿ ಮಗಳೇ ಮೆಟ್ಟಿಲಿಳಿದು ಬಂದಿದ್ದಳು. ಎಣ್ಣೆ ಹಚ್ಚಿ ಬಾಚಿದ ತಲೆ, ಕೈಯಲ್ಲಿ ಪೆನ್ನು. ಈ ಕಟ್ಟಡದಲ್ಲಿ ಅವಳಿಗೊಂದು ಮಂಚ ಸಿಕ್ಕ ದಿನ ತಾಯಿ, ಕೋಣೆಯಲ್ಲಿ ಯಾರೂ ಇಲ್ಲದಾಗ ಹೋಗಿ, ಅದನ್ನು ಸುಮ್ಮನೆ ಮುಟ್ಟಿ ಬಂದಿದ್ದಳು.

“ಏನೇ, ಪುಸ್ತಕ ಹಿಡಿದ ತಕ್ಷಣ ಮನೆ ಕಸುಬು ಮರೆತುಹೋಯ್ತಾ? ಇಳಿ ಒಳಗೆ.”

“ಮೇಡಂ, ಪರೀಕ್ಷೆಗೆ ಹೊತ್ತಾಯ್ತು...”

“ನಿಮ್ಮ ಜಾತಿಯವರು ಡಿಗ್ರಿ ತಗೊಂಡು ಯಾವ ಊರು ಉದ್ಧಾರ ಮಾಡ್ಬೇಕು? ಆಗಲ್ಲ ಅಂದ್ರೆ ಇವತ್ತೇ ಗಂಟುಮೂಟೆ ಕಟ್ಟು. ಆ ಮಂಚಕ್ಕೆ ಕಾಯ್ತಿರೋರು ಬೇಕಾದಷ್ಟು ಜನ ಇದ್ದಾರೆ.”

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಉಳಿದವರು ನೆಲ ನೋಡಿದರು. ಮಗಳು ಪೆನ್ನನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಅಂಗಿಯ ತೋಳು ಮಡಚತೊಡಗಿದಳು.

ಇಷ್ಟು ವರ್ಷ ತನ್ನ ಮೇಲೆ ಉಗುಳಿದ್ದನ್ನೆಲ್ಲ ಒರೆಸಿಕೊಂಡು ಬಂದ ತಾಯಿಗೆ, ಮಗಳು ಅಷ್ಟು ಸಲೀಸಾಗಿ ತೋಳು ಮಡಚಿದ್ದು ಕರುಳಿಗೆ ಚೂರಿ ಹಾಕಿದಂತಾಯಿತು. ಎದ್ದು ಬಂದು, ಗಲೀಜು ಕೈ ತಾಗದಂತೆ, ಭುಜದಿಂದಲೇ ಅವಳನ್ನು ಆಚೆಗೆ ನೂಕಿದಳು.

“ನಡಿ ಪರೀಕ್ಷೆಗೆ.”

“ಅಮ್ಮಾ, ನಿನ್ನ ಕೆಲಸ...”

“ಕೆಲಸದ ಮನೆ ಹಾಳಾಗ್ಲಿ. ತಿರುಗಿ ನೋಡಿದ್ರೆ ಕಾಲು ಮುರೀತೀನಿ, ಹೋಗೇ!”

ಮಗಳು ಓಡಿದಳು.

“ಎಷ್ಟೇ ಕೊಬ್ಬು ನಿಂಗೆ, ಬೋಸುಡಿ!” ವಾರ್ಡನ್ ಕಿರುಚಿದಳು. “ತೆಗಿಯೇ ಅದನ್ನ!”

ತಾಯಿ ಮತ್ತೆ ಮಂಡಿಯೂರಿ ತೂತಿಗೆ ಕಟ್ಟಿಕೊಂಡಿದ್ದ ಕಸದ ಉಂಡೆಯನ್ನು ಹೊರಗೆಳೆದಳು. ನೀರು ಗೊಳಗೊಳ ಇಳಿಯಿತು. ಸಾಲಿನಲ್ಲಿದ್ದವರು ಉಸಿರುಬಿಟ್ಟರು. ಅವಳು ಅದನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಅದೇ ತೂತಿಗೆ ತುರುಕಿ, ಮೊಣಕೈ ಮುಳುಗುವವರೆಗೆ ಒತ್ತಿದಳು. ಮೇಲಿನ ಮಹಡಿಯ ನೀರು ಬರುತ್ತಲೇ ಇತ್ತು.

“ಈಗ ನೀವಿಳೀರಿ ಮೇಡಮ್ಮೋರೇ,” ಎಂದಳು. “ನಿಮಗೂ ದೇವರು ಎರಡು ಕೈ ಕೊಟ್ಟಿದ್ದಾನಲ್ಲ.”

ಕಪ್ಪು ನೀರು ಏರಿ ಹೊಸ್ತಿಲು ದಾಟಿತು. ಹುಡುಗಿಯರು ಚಪ್ಪಲಿ ಕೈಗೆತ್ತಿಕೊಂಡು ಮೆಟ್ಟಿಲ ಕಡೆ ಚದುರಿದರು. ವಾರ್ಡನ್ ವಾಚ್‌ಮನ್‌ನನ್ನು ಕೂಗುತ್ತ ಹಿಂದೆ ಹಿಂದೆ ಸರಿದಳು. ತಾಯಿ ಬಾಗಿಲಿಗೆ ಅಡ್ಡಲಾಗಿ ನಿಂತಳು. ಬೆರಳ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಬೂಟುಗಳ ಸದ್ದು ಹತ್ತಿರ ಬಂತು, ಅವಳು ಕದಲಲಿಲ್ಲ.