ಹೊರಗಿನಿಂದ ಬಂದವಳು

ನಗು ಮೆಟ್ಟಿಲು ಹತ್ತಿ ಮೇಲೆ ಬಂದಾಗ, ಮದುವೆಯ ಮಾತಿಗೆ ಬಂದಿದ್ದ ಹುಡುಗನ ತಾಯಿಯ ಕೈಯಲ್ಲಿದ್ದ ಚಹಾದ ಲೋಟ ಇನ್ನೇನು ತುಟಿ ಮುಟ್ಟುವುದರಲ್ಲಿತ್ತು. ಮೊದಲು ಉಸಿರು ಎಲ್ಲೋ ಸಿಕ್ಕಿಹಾಕಿಕೊಂಡಂಥ ಒಂದು ಸದ್ದು, ಆಮೇಲೆ ಏರುತ್ತ ಏರುತ್ತ ಹೋದ ಕೂಗು, ಕೊನೆಗೆ ಮೇಜಿನ ಮೇಲೆ ಅಂಗೈ ಬಡಿದ ಸಪ್ಪಳ. ಲೋಟ ಅಲ್ಲೇ ನಿಂತಿತು. ಹುಡುಗನ ತಂದೆ ಬೀದಿಯಲ್ಲಿ ಏನೋ ಆಗಿದೆ ಎಂದುಕೊಂಡು ಕಿಟಕಿಯತ್ತ ತಿರುಗಿದರು. ಅವರ ಎದುರಿಗೆ ಕುರ್ಚಿಯ ತುದಿಯಲ್ಲಿ ಕೂತಿದ್ದ ಹಿರಿಯವಳು ಕಾಲಿನ ಹೆಬ್ಬೆರಳನ್ನು ನೆಲಕ್ಕೆ ಒತ್ತಿದಳು. ನಗು ತಗ್ಗಿತು, ಮತ್ತೊಮ್ಮೆ ಉಕ್ಕಿತು, ಆಮೇಲೆ ಬಾಯಿಗೆ ಬಟ್ಟೆ ತುರುಕಿದಂತೆ ಥಟ್ಟನೆ ನಿಂತುಹೋಯಿತು.

"ಯಾರು ಅದು?" ಎಂದರು ಹುಡುಗನ ತಾಯಿ. ದನಿಯಲ್ಲಿ ಕೋಪವಿರಲಿಲ್ಲ, ಎಚ್ಚರವಿತ್ತು.

ಕೆಳಗಿರುವುದು ಹಿರಿಯವಳ ಮನೆಯವರದೇ ಲಾಂಡ್ರಿ, ಮೇಲಿರುವುದು ಮನೆ. ಅಣ್ಣ ತಮ್ಮ ಇಬ್ಬರೂ ಸೇರಿ ನಡೆಸುವ ಅಂಗಡಿ. ಅಣ್ಣ ಗಲ್ಲಾದ ಹತ್ತಿರ ಕೂರುತ್ತಾನೆ, ತಮ್ಮ ಯಂತ್ರಗಳನ್ನು ನೋಡಿಕೊಳ್ಳುತ್ತಾನೆ. ಹಿಂದಿನ ಕೋಣೆಯಲ್ಲಿ ಇಸ್ತ್ರಿಯ ಮೇಜಿನ ಆಚೆ ಈಚೆ ಇಬ್ಬರು ಸೊಸೆಯಂದಿರು, ಹಿರಿಯವಳು ಮತ್ತು ಕಿರಿಯವಳು. ಆವಿ, ಗಂಜಿಯ ವಾಸನೆ, ಬಿಸಿಯಾದ ಬಟ್ಟೆಯ ವಾಸನೆ. ಕೈಗೆ ಬಿಡುವಿಲ್ಲದ, ಬಾಯಿಗೆ ಬೇಕಾದಷ್ಟು ಬಿಡುವಿರುವ ಕೆಲಸ. ಇಸ್ತ್ರಿಗೆ ಮುಂಚೆ ಜೇಬು ತಡಕುವುದು ಕಿರಿಯವಳ ಪಾಲಿಗೆ. ಒಂದು ಜೇಬಿನಿಂದ ಒಂದು ಸಂಸಾರವನ್ನೇ ಹೊರಗೆ ತೆಗೆಯುವಳು. ಒಮ್ಮೆ ಒಂದು ಕೋಟಿನ ಒಳಜೇಬಿನಲ್ಲಿ ಹಲ್ಲಿನ ಸೆಟ್ಟೇ ಸಿಕ್ಕಿತ್ತು. ಅದರ ಒಡೆಯ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಓಡಿಬಂದು ಅರ್ಥವಾಗದ ಭಾಷೆಯಲ್ಲಿ ಏನೋ ಕೇಳಿದಾಗ, ಕಿರಿಯವಳು ಅದನ್ನು ಮಡಿಸಿದ ಕರವಸ್ತ್ರದಲ್ಲಿಟ್ಟು, "ಇಸ್ತ್ರಿ ಮಾಡಿಲ್ಲ ಸಾರ್, ಹಾಗೇ ಇದೆ" ಎಂದು ಕೊಟ್ಟಳು. ಆತ ಹೊಸ್ತಿಲು ದಾಟುವವರೆಗೂ ತಡೆದುಕೊಂಡಿದ್ದಳು. ದಾಟಿದ ಮೇಲೆ ನಕ್ಕದ್ದು ಬೀದಿಯ ಆಚೆ ಬದಿಗೂ ಕೇಳಿಸಿತು.

ಬೀದಿಯವರು ಅವಳಿಗೆ ಇಟ್ಟಿದ್ದ ಹೆಸರು ಸೀಟಿ. ಕುಕ್ಕರಿನ ಸೀಟಿ. ತೀರಿಹೋದ ಅತ್ತೆಗೆ ಮಾತ್ರ ಅದು ತಮಾಷೆಯಾಗಿರಲಿಲ್ಲ. ನಗೋ ಹೆಂಗಸನ್ನ, ಅಳೋ ಗಂಡಸನ್ನ ನಂಬಬಾರದು ಎನ್ನುತ್ತಿದ್ದರು. "ಅಳೋ ಹೆಂಗಸನ್ನ ನಂಬಬಹುದಾ ಅತ್ತೆ? ನಂಗೆ ಎರಡೂ ಬರುತ್ತೆ" ಎಂದು ಕಿರಿಯವಳು ಕೇಳಿದ ದಿನದಿಂದ ಅತ್ತೆ ಒಂದು ಏರ್ಪಾಡು ಮಾಡಿದರು. ಯಾರಾದರೂ ಮನೆಗೆ ಬಂದರೆ ಹಿರಿಯವಳು ಕಿರಿಯವಳ ಪಕ್ಕದಲ್ಲಿ ಕೂರಬೇಕು. ನಗು ಬರುವ ಲಕ್ಷಣ ಕಂಡರೆ ಅವಳ ಪಾದದ ಮೇಲೆ ಪಾದ ಒತ್ತಬೇಕು. ಅತ್ತೆ ಹೋದರೂ ಏರ್ಪಾಡು ಉಳಿಯಿತು. ಮೊದಮೊದಲು ಇಬ್ಬರಿಗೂ ಅದೊಂದು ಆಟವಾಗಿತ್ತು. ಬರಬರುತ್ತ ಹಿರಿಯವಳಿಗೆ ಅದು ಆಟವೋ ಕೆಲಸವೋ ತಿಳಿಯದಾಯಿತು.

ಇವತ್ತು ಪಾದಕ್ಕೂ ಎಟುಕದ ಜಾಗದಲ್ಲಿ ಕಿರಿಯವಳನ್ನು ಇಡಲಾಗಿತ್ತು. ಬೆಳಿಗ್ಗೆಯೇ ಹಿರಿಯವಳು ಹೇಳಿದ್ದಳು, ಅವರು ಬಂದು ಹೋಗುವವರೆಗೆ ಅಂಗಡಿಯಲ್ಲಿ ಒಬ್ಬರು ಇರಬೇಕಲ್ಲ ಎಂದು. ಕಿರಿಯವಳು ಅವಳ ಮುಖವನ್ನೇ ಒಂದು ಗಳಿಗೆ ನೋಡಿ, "ಗೊತ್ತಾಯ್ತು ಬಿಡಕ್ಕ. ವೆಯಿಟ್ ತೆಗೆದಿಟ್ಟೇ ಕೂತಿರ್ತೀನಿ, ಸೀಟಿ ಹೊಡಿಯಲ್ಲ" ಎಂದಿದ್ದಳು. ಇಬ್ಬರೂ ನಕ್ಕಿದ್ದರು.

ಹುಡುಗಿ ಹಿರಿಯವಳ ಮಗಳು. ಹುಡುಗನದೂ ಅವಳದೂ ಒಂದೇ ಆಫೀಸು. ಅವರಿಬ್ಬರ ಮಾತು ಎಂದೋ ಮುಗಿದಿತ್ತು, ಉಳಿದದ್ದು ಹಿರಿಯರ ಮಾತು. ಹುಡುಗನ ತಾಯಿಯೇ ಹಿಂದೆ ಮುಂದೆ ನೋಡುತ್ತಿದ್ದರು. ಯಾಕೆಂದು ಹುಡುಗಿಗೂ ಗೊತ್ತಿರಲಿಲ್ಲ. ಎರಡು ವಾರದಿಂದ ಅವಳು ಸರಿಯಾಗಿ ಉಂಡಿರಲಿಲ್ಲ. ಈಗ ಒಳಗಿನ ಕೋಣೆಯಲ್ಲಿ ಕೂತಿದ್ದಳು, ಮತ್ತು ಅವಳ ಕುರ್ಚಿಯ ಕಿರಕಿರ ಸದ್ದು ನಿಂತುಹೋಗಿತ್ತು.

ಯಾಕೆಂಬುದು ಈಗ ತಿಳಿಯಿತು.

"ತಪ್ಪು ತಿಳ್ಕೋಬೇಡಿ" ಎಂದರು ಹುಡುಗನ ತಾಯಿ, ಲೋಟವನ್ನು ಕೆಳಗಿಟ್ಟು. "ನಿಮ್ಮ ಮನೇಲಿ ಯಾರಿಗೋ ತಲೆ ಅಷ್ಟು ಸರಿಯಿಲ್ಲ ಅಂತ ಯಾರೋ ಹೇಳಿದ್ರು. ನಾನು ನಂಬಿರ್ಲಿಲ್ಲ. ನಮ್ಮ ಅತ್ತಿಗೆ ಹೀಗೇ ಇದ್ರು. ಮದುವೆಗೆ ಮುಂಚೆ ಯಾರೂ ಬಾಯಿ ಬಿಡಲಿಲ್ಲ. ಈಗ ಅವರ ಮಗನೂ ಹಾಗೇ, ಕೋಣೆಯಿಂದ ಹೊರಗೆ ಬರಲ್ಲ. ರಕ್ತದಲ್ಲಿರೋದು ಎಲ್ಲಿ ಹೋಗುತ್ತೆ ಹೇಳಿ?"

ಕಿರಿಯವಳು ಜೋರಾಗಿ ನಗುತ್ತಾಳೆ, ಅಷ್ಟೇ. ಹೇಳಬೇಕಾಗಿದ್ದದ್ದು ಇಷ್ಟೇ. ಹಿರಿಯವಳು ಗಂಡನ ಮುಖ ನೋಡಿದಳು. ಅವನು ಟೀಪಾಯಿಯ ಗಾಜನ್ನು ನೋಡುತ್ತಿದ್ದ. ಮೈದುನನನ್ನು ನೋಡಿದಳು. ಅವನು ಕೈಗಡಿಯಾರದ ಪಟ್ಟಿಯನ್ನು ಬಿಚ್ಚಿ, ಹಾಕಿ, ಮತ್ತೆ ಬಿಚ್ಚುತ್ತಿದ್ದ. ಹೆಣ್ಣು ನೋಡಲು ಹೋದ ದಿನ ಒಳಮನೆಯಿಂದ ಬಂದ ನಗು ಕೇಳಿಯೇ, ಮುಖ ನೋಡುವ ಮೊದಲೇ, ಒಪ್ಪಿಬಿಟ್ಟೆ ಎಂದು ಹೇಳಿಕೊಂಡು ತಿರುಗಿದವನು ಅವನೇ. ಜೋರಾಗಿ ನಗುತ್ತಾಳೆ ಎಂದರೆ ಈ ಹೆಂಗಸು ನಂಬುತ್ತಾಳೆಯೇ? ತಲೆ ಸರಿಯಿಲ್ಲದವರ ಮನೆಯವರೆಲ್ಲ ಹೇಳುವುದೂ ಅದನ್ನೇ ಅಲ್ಲವೇ?

"ನನ್ನ ವಾರಗಿತ್ತಿ" ಎಂದಳು ಹಿರಿಯವಳು. "ಅವಳು ಸ್ವಲ್ಪ ಹಾಗೇ. ಔಷಧಿ ನಡೀತಿದೆ." ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಎದುರಿನ ಮುಖ ಇನ್ನೂ ಬಿಗಿಯಾಗಿಯೇ ಇತ್ತು. "ಆದ್ರೆ ಅವಳು ನಮ್ಮ ರಕ್ತ ಅಲ್ಲ. ಹೊರಗಿನಿಂದ ಬಂದವಳು. ನಮ್ಮ ಹುಡುಗಿಗೂ ಅವಳಿಗೂ ಏನೂ ಸಂಬಂಧ ಇಲ್ಲ."

ಮಾತು ಒಂದು ಸುಕ್ಕೂ ಇಲ್ಲದೆ ಹೊರಬಂದಿತ್ತು. ಅವಳಿಗೇ ಆಶ್ಚರ್ಯವಾಯಿತು.

ಆಮೇಲೆ ಬಾಗಿಲ ಕಡೆ ತಿರುಗಿದಳು. ಕಿರಿಯವಳು ಬಿಸ್ಕತ್ತಿನ ತಟ್ಟೆ ಹಿಡಿದು ನಿಂತಿದ್ದಳು. ಬೇಕರಿಯಿಂದ ತರಿಸಿ ಮೇಲೆ ಕಳಿಸು ಎಂದು ಹಿರಿಯವಳೇ ಫೋನು ಮಾಡಿದ್ದಳು. ಕಳಿಸಲು ಯಾರೂ ಸಿಗಲಿಲ್ಲವೋ, ನಕ್ಕದ್ದಕ್ಕೆ ಮುಖ ತೋರಿಸಿ ಹೋಗೋಣ ಎಂದು ಬಂದಳೋ. ಎಷ್ಟು ಹೊತ್ತಿನಿಂದ ನಿಂತಿದ್ದಾಳೆ ಎಂದು ಕೇಳುವ ಅಗತ್ಯವಿರಲಿಲ್ಲ.

ಅವಳು ಒಳಗೆ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಎರಡೆರಡು ಮೆಟ್ಟಿಲು ಹಾರುವವಳು ಈಗ ಒಂದೊಂದೇ ಹೆಜ್ಜೆ ಇಟ್ಟು, ತಲೆ ತಗ್ಗಿಸಿ ನಡೆದಳು. ತಟ್ಟೆಯನ್ನು ಎರಡೂ ಕೈಯಿಂದ ಟೀಪಾಯಿಯ ಮೇಲಿಟ್ಟಳು. ಹುಡುಗನ ತಾಯಿ ಮುಂದಕ್ಕೆ ಬಾಗಿ, ಒಂದೊಂದು ಮಾತನ್ನೂ ಬಿಡಿಸಿ, ದನಿ ಏರಿಸಿ, "ಏನಮ್ಮಾ, ಚೆನ್ನಾಗಿದ್ದೀಯಾ? ಊಟ ಆಯ್ತಾ?" ಎಂದು ಕೇಳಿದರು. ಆ ದನಿಯಲ್ಲಿ ನಿಜವಾದ ಕರುಣೆಯಿತ್ತು.

ಕಿರಿಯವಳು ಹಿರಿಯವಳನ್ನು ಒಮ್ಮೆ ನೋಡಿದಳು. ಒಂದೇ ಸಲ. ಆಮೇಲೆ ಹುಡುಗನ ತಾಯಿಯ ಕಡೆ ತಿರುಗಿ, ಚಿಕ್ಕ ಮಕ್ಕಳು ಹೇಳುವ ಹಾಗೆ ತಲೆಯಾಡಿಸಿ, "ಆಯ್ತು" ಎಂದಳು. ಬಂದ ಹಾಗೆಯೇ ನಿಧಾನವಾಗಿ ಹೊರಟುಹೋದಳು.

"ಪಾಪ, ಲಕ್ಷಣವಾಗಿದ್ದಾಳೆ" ಎಂದು ಹುಡುಗನ ತಾಯಿ ಲೋಟ ಎತ್ತಿಕೊಂಡರು. ಚಹಾ ಆರಿರಬೇಕು, ಆದರೂ ಪೂರ್ತಿ ಕುಡಿದರು.

ಮದುವೆ ಗೊತ್ತಾಯಿತು. ಬಂದವರನ್ನು ಬೀಳ್ಕೊಟ್ಟು ಬಂದ ಗಂಡ, ಸಮಯಕ್ಕೆ ಸರಿಯಾಗಿ ನಿನ್ನ ತಲೆ ಓಡಿತು ಎಂದ. ಎಷ್ಟೋ ವರ್ಷಗಳಲ್ಲಿ ಅವನು ಹೆಂಡತಿಯನ್ನು ಹೊಗಳಿದ್ದು ಅದೇ ಮೊದಲು. ಮೈದುನ ಯಾರ ಮುಖವನ್ನೂ ನೋಡದೆ ಅಂಗಡಿಗೆ ಇಳಿದುಹೋದ. ಮಗಳು ಕುತ್ತಿಗೆಗೆ ಜೋತುಬಿದ್ದು ಅತ್ತಳು, ನಕ್ಕಳು. ಲೋಟ ತೊಳೆಯುವಾಗ ಪಕ್ಕಕ್ಕೆ ಬಂದು ನಿಂತು ಮೆಲ್ಲಗೆ, "ಚಿಕ್ಕಮ್ಮ ಕೇಳಿಸ್ಕೊಂಡ್ರಾ ಅಮ್ಮಾ?" ಎಂದಳು.

"ಇಲ್ಲ" ಎಂದಳು ಹಿರಿಯವಳು.

ಮಗಳಿಗೆ ನಂಬಬೇಕಾಗಿತ್ತು. ನಂಬಿದಳು.

ಮರುದಿನ, ಹೇಳಬೇಕಾದ ಮಾತನ್ನೆಲ್ಲ ಹಿರಿಯವಳು ಮೆಟ್ಟಿಲಿಳಿಯುವಾಗಲೇ ಜೋಡಿಸಿಕೊಂಡಿದ್ದಳು. ಕಿರಿಯವಳು ಆಗಲೇ ಬಂದು ಒಂದು ಅಂಗಿಯ ಕಾಲರಿನ ಮೇಲೆ ಇಸ್ತ್ರಿ ಒತ್ತುತ್ತಿದ್ದಳು. ನಿನ್ನೆ ಎಂಬ ಒಂದು ಮಾತು ಹಿರಿಯವಳ ಬಾಯಿಂದ ಬಿದ್ದದ್ದೇ ತಡ, "ಹುಡುಗಿಗೆ ಒಳ್ಳೇದಾಯ್ತಲ್ಲ ಅಕ್ಕ, ಅಷ್ಟು ಸಾಕು" ಎಂದಳು. "ಆ ನೀರಿನ ಬಾಟ್ಲಿ ಸ್ವಲ್ಪ ಈ ಕಡೆ ಕೊಡಿ."

ಇಷ್ಟು ವರ್ಷ ಕೊಡು ಎನ್ನುತ್ತಿದ್ದವಳು. ಹಿರಿಯವಳು ಬಾಟಲಿ ಕೊಟ್ಟಳು. ಏನಾದರೂ ಮಾತಾಡಬೇಕೆಂದು, ನಿನ್ನೆ ಅಷ್ಟು ನಗು ಬರಿಸಿದ್ದಾದರೂ ಯಾರು ಎಂದು ಕೇಳಿದಳು. ಕೇಳಿದ ಮೇಲೆ ಕೇಳಬಾರದಿತ್ತು ಅನಿಸಿತು. ಬೇರೆ ದಿನವಾಗಿದ್ದರೆ ಗಿರಾಕಿಯ ದನಿ, ಮೂಗು, ನಡಿಗೆ ಎಲ್ಲವನ್ನೂ ಅನುಕರಿಸಿ ತೋರಿಸದೆ ಅವಳಿಗೆ ನೆಮ್ಮದಿಯಿರುತ್ತಿರಲಿಲ್ಲ.

"ನೆನಪಿಲ್ಲ" ಎಂದು ಕಿರಿಯವಳು ಅಂಗಿಯನ್ನು ತಿರುಗಿಸಿ ಹಾಕಿದಳು.

ಅವಳು ಮುನಿಸಿಕೊಂಡಿರಲಿಲ್ಲ. ಮುನಿಸಾಗಿದ್ದರೆ ಹಿರಿಯವಳಿಗೆ ದಾರಿ ಗೊತ್ತಿತ್ತು. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಮದುವೆಯ ಸೀರೆಗೆ ಅಂಚು ಹೊಲಿದಳು, ಹುಡುಗಿಯ ತಲೆಗೆ ಎಣ್ಣೆ ಹಚ್ಚಿ ಬಾಚಿದಳು. ನಗು ಮಾತ್ರ ಇರಲಿಲ್ಲ. ಒಬ್ಬ ಹಳೆಯ ಗಿರಾಕಿ, ಏನಮ್ಮಾ ಸೀಟಿ ಕೇಳಿಸ್ತಿಲ್ಲ, ಗ್ಯಾಸ್ ಮುಗೀತಾ ಎಂದು ಕೇಳಿದ. ಅವಳು ತುಟಿ ತೆರೆಯದೆ ಮುಗುಳ್ನಕ್ಕು ಅವನ ಪ್ಯಾಂಟನ್ನು ಮಡಿಸಿ ಕೊಟ್ಟಳು. ಅಂಗಡಿಗೆ ಈಗೊಂದು ಮರ್ಯಾದೆ ಬಂದಿದೆ ಎಂದು ಹಿರಿಯವಳ ಗಂಡ ಹೇಳಿದ. ಒಂದು ಮಧ್ಯಾಹ್ನ ಮೈದುನ ಯಾರದೋ ಉದ್ದನೆಯ ಕೋಟನ್ನು ಹಿಂದುಮುಂದಾಗಿ ತೊಟ್ಟು, ಕೈ ಇಳಿಬಿಟ್ಟುಕೊಂಡು ಹೆಂಡತಿಯ ಎದುರಿಗೆ ಬಂದು ನಿಂತ. ಅವಳು ನೋಡಿದಳು.

"ಗುಂಡಿ ಕಿತ್ತುಹೋಗುತ್ತೆ, ತೆಗೀರಿ" ಎಂದಳು.

ಅವನು ಕೋಟು ಬಿಚ್ಚುವಾಗ ಹಿರಿಯವಳು ಇಸ್ತ್ರಿಯ ಕಡೆ ಬಾಗಿದಳು. ಆವಿ ಮುಖಕ್ಕೆ ಹೊಡೆಯಿತು. ಅದೇ ಬೇಕಾಗಿತ್ತು ಅವಳಿಗೆ.

ಮದುವೆಗೆ ಮೊದಲು ಹುಡುಗನ ಮನೆಯವರು ಎಲ್ಲರನ್ನೂ ಊಟಕ್ಕೆ ಕರೆದರು. ಹುಡುಗನ ತಾಯಿ ಫೋನಿನಲ್ಲಿ ಒತ್ತಿ ಹೇಳಿದ್ದರು, ನಿಮ್ಮ ವಾರಗಿತ್ತಿಯನ್ನೂ ಕರ್ಕೊಂಡು ಬನ್ನಿ, ಮನೇಲಿ ಒಬ್ಬರನ್ನೇ ಬಿಡಬೇಡಿ ಎಂದು. ಉದ್ದನೆಯ ಮೇಜು, ಬಿಳಿಯ ಹೊದಿಕೆ. ಹಿರಿಯವಳು ರೂಢಿಯಂತೆ ಕಿರಿಯವಳ ಪಕ್ಕದಲ್ಲೇ ಕೂತಳು. ಹುಡುಗನ ತಂದೆ ಮಾತಿಗೆ ಕೂತರೆ ಬಲು ರಸಿಕರು. ತಮ್ಮ ಮದುವೆಗೆ ಗೆಳೆಯನ ಕೋಟನ್ನು ಕಡ ತಂದದ್ದು, ಊಟದುದ್ದಕ್ಕೂ ಆ ಗೆಳೆಯ ಪಕ್ಕದಲ್ಲೇ ನಿಂತು ಪ್ರತಿ ತುತ್ತಿಗೂ ಕೋಟಿನ ಮುಂದೆ ಕೈ ಒಡ್ಡಿದ್ದು, ಕೊನೆಗೆ ಅವನ ಕೈಯಿಂದಲೇ ಸಾರು ಚೆಲ್ಲಿದ್ದು. ಮೇಜಿನ ಸುತ್ತ ಎಲ್ಲರೂ ನಕ್ಕರು. ಹುಡುಗಿ ನಗುತ್ತ ಹುಡುಗನ ತೋಳಿಗೆ ಹಣೆ ತಾಗಿಸಿದಳು. ಹಿರಿಯವಳ ಪಾದ ತಾನಾಗಿಯೇ ಮೇಜಿನಡಿ ಪಕ್ಕಕ್ಕೆ ಸರಿದು, ಸುಮ್ಮನೆ ಒರಗಿದ್ದ ಇನ್ನೊಂದು ಪಾದವನ್ನು ಮುಟ್ಟಿ, ಹಿಂದಕ್ಕೆ ಬಂತು. ಕಿರಿಯವಳು ತಟ್ಟೆಯ ಅಂಚಿಗೆ ಮೆತ್ತಿದ್ದ ಅಗುಳೊಂದನ್ನು ಬೆರಳಿನಿಂದ ಸರಿಸುತ್ತಿದ್ದಳು.

ಹುಡುಗನ ತಾಯಿ ಬಡಿಸುವ ನೆಪದಲ್ಲಿ ಹಿರಿಯವಳ ಕಿವಿಯ ಹತ್ತಿರ ಬಾಗಿದರು. "ಔಷಧಿ ಚೆನ್ನಾಗಿ ಹಿಡಿದ ಹಾಗಿದೆ. ಎಷ್ಟು ಶಾಂತವಾಗಿದ್ದಾರೆ ನೋಡಿ. ಯಾವ ಡಾಕ್ಟ್ರು? ನಮ್ಮ ಅತ್ತಿಗೆಯ ಮಗನಿಗೂ ಒಮ್ಮೆ ತೋರಿಸ್ಬೇಕು. ಎಲ್ಲೆಲ್ಲೋ ಸುತ್ತಿ ಸಾಕಾಗಿದೆ."

ಚಮಚ ಅವರ ಕೈಯಲ್ಲೇ ಇತ್ತು. ಕಣ್ಣಿನ ಕೆಳಗೆ ಕಪ್ಪಾಗಿತ್ತು. ಎದುರಿಗೆ ಹಿರಿಯವಳ ಮಗಳು ಇನ್ನೂ ನಗುತ್ತಿದ್ದಳು.

"ಹೆಸರು ಕೇಳಿ ಹೇಳ್ತೀನಿ" ಎಂದಳು ಹಿರಿಯವಳು.

ಮರುದಿನ ಹೋಟೆಲಿನ ಹಾಸಿಗೆ ಬಟ್ಟೆಗಳು ರಾಶಿಯಾಗಿ ಬಂದಿದ್ದವು. ಅಷ್ಟು ಅಗಲದ ಬಟ್ಟೆಯನ್ನು ಒಬ್ಬರೇ ಮಡಿಸಲಾಗುವುದಿಲ್ಲ. ಆಚೆ ಎರಡು ಮೂಲೆ ಒಬ್ಬಳ ಕೈಯಲ್ಲಿ, ಈಚೆ ಎರಡು ಮೂಲೆ ಇನ್ನೊಬ್ಬಳ ಕೈಯಲ್ಲಿ. ಕೊಡವಿ, ಎಳೆದು, ಎದುರುಬದುರು ನಡೆದುಬಂದು ಮೂಲೆಗೆ ಮೂಲೆ ಸೇರಿಸಬೇಕು. ಒಂದಾದ ಮೇಲೊಂದು ಮಡಿಸಿದರು. ಪ್ರತಿ ಸಲವೂ ಬೆರಳಿಗೆ ಬೆರಳು ತಾಗುವಷ್ಟು ಹತ್ತಿರ ಬರುತ್ತಿದ್ದರು, ಪ್ರತಿ ಸಲವೂ ಹಿರಿಯವಳು ಬಾಯಿ ತೆರೆದು ಮುಚ್ಚುತ್ತಿದ್ದಳು.

"ಅವರು ಡಾಕ್ಟರ ಹೆಸರು ಕೇಳಿದ್ರು" ಎಂದಳು ಕೊನೆಗೆ. "ಅವರ ಅತ್ತಿಗೆ ಮಗನಿಗೆ ತೋರಿಸೋಕೆ."

ಕಿರಿಯವಳ ಕೈ ನಿಂತಿತು. "ಏನಂದ್ರಿ?"

"ಕೇಳಿ ಹೇಳ್ತೀನಿ ಅಂದೆ."

ಕಿರಿಯವಳು ತನ್ನ ಎರಡು ಮೂಲೆಗಳನ್ನು ಮುಂದೆ ಚಾಚಿಕೊಂಡೇ ಇದ್ದಳು. ಹಿರಿಯವಳಿಗೆ ಅವನ್ನು ತೆಗೆದುಕೊಳ್ಳಬೇಕೆಂಬುದು ಮರೆತುಹೋಯಿತು. ನಡುವೆ ಬಟ್ಟೆ ಜೋತುಬಿದ್ದು ನೆಲ ಮುಟ್ಟುವ ಹಾಗಾಯಿತು.

"ಅಕ್ಕ, ಹಿಡ್ಕೊಳ್ಳಿ. ಕೊಳೆಯಾಗುತ್ತೆ."

ಹಿರಿಯವಳು ಹಿಡಿದುಕೊಂಡಳು. ಮಡಿಕೆ ಮುಗಿಯಿತು. ಕಿರಿಯವಳು ರಾಶಿಯಿಂದ ಮುಂದಿನದನ್ನು ಎಳೆದು, ಒಂದು ಅಂಚನ್ನು ಹಿರಿಯವಳ ಕೈಗಿಟ್ಟು, ಇನ್ನೊಂದು ಅಂಚು ಹಿಡಿದು ಬಟ್ಟೆ ಬಿಗಿಯಾಗುವವರೆಗೆ ಹಿಂದಕ್ಕೆ ಸರಿದಳು. ಬೆನ್ನು ಗೋಡೆಗೆ ತಾಗಿದ ಮೇಲೆ ನಿಂತಳು.